ಸಾರಾಂಶ ಕೈಯಲ್ಲೇ ಇರುವಾಗ ಮೂಲಗ್ರಂಥವನ್ನು ಏಕೆ ಓದಬೇಕು?

ಪ್ರಶ್ನೆ: ನಾಲೆಬಯಲು, ಮಂಡ್ಯ

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯಲ್ಲಿ ಭಾನುವಾರದ ಸಂಜೆ ಸೇರುವ ಸಣ್ಣದೊಂದು ಓದುಗರ ಬಳಗವಿದೆ. ಇದುವರೆಗೆ ಕಾದಂಬರಿ, ಆತ್ಮಕಥೆ, ಪ್ರವಾಸಕಥನಗಳನ್ನು ಓದಿಕೊಂಡು ಬಂದಿದ್ದೇವೆ. ಈ ಬಾರಿ ಏಷ್ಯಾದ ಹಳೆಯ ಕೃತಿಗಳನ್ನು, ಅಂದರೆ ಮಹಾಭಾರತ, ಉಪನಿಷತ್ತು, ಗೀತೆ, ಧಮ್ಮಪದ, ಅರ್ಥಶಾಸ್ತ್ರ ಮತ್ತು ಸಾಧ್ಯವಾದರೆ ಚೀನಾ, ಜಪಾನ್, ಪರ್ಷಿಯಾಗಳ ಒಂದೆರಡು ಗ್ರಂಥಗಳನ್ನು ಕೈಗೆತ್ತಿಕೊಳ್ಳೋಣವೆಂದು ನಾನು ಸೂಚಿಸಿದೆ. ಪಟ್ಟಿಯನ್ನು ಮುಂದಿಟ್ಟ ಕೂಡಲೇ ಬಳಗ ಎರಡಾಯಿತು.

ಬೇಡವೆನ್ನುವವರ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಈ ಗ್ರಂಥಗಳು ಹೇಳುವುದೇನೆಂಬುದು ಎಲ್ಲರಿಗೂ ಗೊತ್ತಿದೆ. ಫಲದ ಆಸೆಯನ್ನು ಬಿಟ್ಟು ಕೆಲಸ ಮಾಡು, ಆಸೆಯೇ ದುಃಖಕ್ಕೆ ಮೂಲ, ಹಿರಿಯರಿಗೆ ವಿಧೇಯನಾಗಿರು ಎಂಬ ಮಾತುಗಳು ಬೆಳಗಾದರೆ ಸೂರ್ಯೋದಯದ ಚಿತ್ರದೊಂದಿಗೆ ಮೊಬೈಲಿಗೆ ಬಂದು ಬೀಳುತ್ತವೆ. ಇಷ್ಟನ್ನು ತಿಳಿಯಲು ತಿಂಗಳುಗಟ್ಟಲೆ ಕೂರಬೇಕೆ ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ಗೆಳೆಯರೊಬ್ಬರು ಕೇಳಿದರು. ಬಳಗದ ಕಿರಿಯ ಸದಸ್ಯರೊಬ್ಬರು, ಯಾವ ಗ್ರಂಥದ ಸಾರಾಂಶವನ್ನಾದರೂ ಕೃತಕ ಬುದ್ಧಿಮತ್ತೆಯಿಂದ ಅರ್ಧ ನಿಮಿಷದಲ್ಲಿ ಪಡೆಯಬಹುದೆಂದು ಅಲ್ಲಿಯೇ ತೋರಿಸಿದರು. ಆ ಸಾರಾಂಶ ಕೆಟ್ಟದಾಗಿಯೂ ಇರಲಿಲ್ಲ. ಇನ್ನೊಬ್ಬರ ಆಕ್ಷೇಪವೇ ಬೇರೆ: ಚೀನಾ, ಜಪಾನುಗಳ ಗ್ರಂಥಗಳು ಇಂಗ್ಲಿಷಿಗೆ ಬಂದು, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ಅವುಗಳಲ್ಲಿ ಉಳಿಯುವುದೇನು, ಅಷ್ಟಕ್ಕೂ ಅವು ನಮ್ಮವೇ?

ಭಕ್ತಿಯಿಂದ ಓದಬೇಕು, ಪರಂಪರೆ ಉಳಿಯಬೇಕು ಎಂಬ ಉತ್ತರಗಳು ನಮ್ಮ ಬಳಗದಲ್ಲಿ ನಡೆಯುವುದಿಲ್ಲ. ಸಾರಾಂಶದಲ್ಲಿ ಸಿಗದೆ ಇಡಿಯ ಗ್ರಂಥದಲ್ಲಿ ಮಾತ್ರ ಸಿಗುವಂಥದ್ದು ಏನಾದರೂ ಇದೆಯೇ? ಇದ್ದರೆ ನಿದರ್ಶನ ಸಹಿತ ತಿಳಿಸಿಕೊಡಬೇಕೆಂದು ಬಲ್ಲವರಲ್ಲಿ ಕೋರುತ್ತೇನೆ.

ಉತ್ತರ: ಸರಸ್ವತೀಪುರಂ ಹಳಬ, ಮೈಸೂರು

ನಾಲೆಬಯಲು ಅವರೇ, ಕಾಲೇಜಿನಲ್ಲಿ ತತ್ತ್ವಶಾಸ್ತ್ರದ ಪಾಠ ಹೇಳಿ ನಿವೃತ್ತನಾದವನು ನಾನು. ಮಾತಿನಲ್ಲಿ ತರಗತಿಯ ಧಾಟಿ ಇಣುಕಿದರೆ ಮನ್ನಿಸಬೇಕು. ತಮ್ಮ ಗೆಳೆಯರು ಹೇಳಿದ ಮೂರು ವಾಕ್ಯಗಳೂ ಉತ್ತರಗಳು. ಅವನ್ನು ಹೊರಡಿಸಿದ ಪ್ರಶ್ನೆ ಯಾವುದು, ಕೇಳಿದವರು ಯಾರು, ಅವರು ಎಂಥ ಇಕ್ಕಟ್ಟಿನಲ್ಲಿದ್ದರು ಎಂಬುದೆಲ್ಲ ಸಾರಾಂಶದಲ್ಲಿ ಬಿದ್ದುಹೋಗಿದೆ. ಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಸಾರಾಂಶವು ಸಿದ್ಧಾಂತವನ್ನು, ಅಂದರೆ ಕೊನೆಯ ತೀರ್ಮಾನವನ್ನು ಇಟ್ಟುಕೊಂಡು ಪೂರ್ವಪಕ್ಷವನ್ನು, ಅಂದರೆ ಎದುರಾಳಿಯ ವಾದವನ್ನು ಬಿಟ್ಟುಬಿಡುತ್ತದೆ. ಈ ಗ್ರಂಥಗಳು ಇಷ್ಟು ಕಾಲ ಬಾಳಿರುವುದಕ್ಕೆ ಕಾರಣ ಅವುಗಳ ಪೂರ್ವಪಕ್ಷವೇ ಎಂಬುದು ನನ್ನ ತಿಳಿವಳಿಕೆ.

ಗೀತೆಯನ್ನೇ ತೆಗೆದುಕೊಳ್ಳಿ. ಎಲ್ಲರ ಬಾಯಲ್ಲಿರುವುದು ಎರಡನೆಯ ಅಧ್ಯಾಯದ ‘ಕರ್ಮಣ್ಯೇವಾಧಿಕಾರಸ್ತೇ’. ಅದಕ್ಕೆ ಬಹಳ ಮೊದಲೇ ಅರ್ಜುನ ತನ್ನ ವಾದವನ್ನು ಹೂಡಿರುತ್ತಾನೆ. ಲೋಭದಿಂದ ಬುದ್ಧಿ ಕೆಟ್ಟ ಅವರಿಗೆ ಕುಲನಾಶದ ದೋಷ ಕಾಣದಿರಬಹುದು, ಕಾಣುತ್ತಿರುವ ನಾವೇಕೆ ಹಿಂದೆಗೆಯಬಾರದು; ಗುರುಹಿರಿಯರನ್ನು ಕೊಂದು ಉಣ್ಣುವ ರಕ್ತಸಿಕ್ತ ಭೋಗಕ್ಕಿಂತ ಭಿಕ್ಷೆ ಲೇಸಲ್ಲವೇ ಎಂದು ಅವನು ಕೇಳುವುದರಲ್ಲಿ ಹೇಡಿತನವೇನೂ ಇಲ್ಲ; ಯುದ್ಧ ಬೇಡವೆನ್ನುವವರು ಇಂದಿಗೂ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಈ ವಾದಕ್ಕೆ ಇರುವ ಬಲದಿಂದಲೇ ಕೃಷ್ಣನಿಗೆ ಉಳಿದ ಹದಿನೇಳು ಅಧ್ಯಾಯಗಳು ಬೇಕಾದವು. ಎಲ್ಲವನ್ನೂ ಹೇಳಿ ಮುಗಿಸುವ ಹೊತ್ತಿಗೆ ಅವನು ‘ವಿಮೃಶ್ಯೈತದಶೇಷೇಣ ಯಥೇಚ್ಛಸಿ ತಥಾ ಕುರು’, ಇದನ್ನೆಲ್ಲ ಸಂಪೂರ್ಣವಾಗಿ ವಿಮರ್ಶಿಸಿ ನಿನಗೆ ಇಷ್ಟವಾದಂತೆ ಮಾಡು, ಎಂದು ತೀರ್ಮಾನವನ್ನು ಕೇಳುಗನ ಕೈಗೇ ಕೊಡುತ್ತಾನೆ. ಇದಾಗಿ ಮೂರೇ ಶ್ಲೋಕಕ್ಕೆ, ಎಲ್ಲ ಧರ್ಮಗಳನ್ನೂ ಬಿಟ್ಟು ನನ್ನೊಬ್ಬನನ್ನೇ ಶರಣು ಹೊಗು ಎಂದೂ ಹೇಳುತ್ತಾನಲ್ಲ ಎಂದು ಬಳಗದಲ್ಲಿ ಯಾರಾದರೂ ಕೇಳಿದರೆ ಅದು ಒಳ್ಳೆಯ ಓದಿನ ಲಕ್ಷಣ. ತಮ್ಮ ಜಿಲ್ಲೆಯ ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯವರಿಗೆ ಆ ಶ್ಲೋಕವೇ ಚರಮಶ್ಲೋಕ, ಅಂದರೆ ಉಪದೇಶದ ಕೊನೆಯ ಮಾತು. ಇಷ್ಟ ಬಂದಂತೆ ಮಾಡು ಎಂಬುದನ್ನೂ ಶರಣು ಹೊಗು ಎಂಬುದನ್ನೂ ಒಟ್ಟಿಗೆ ಹಿಡಿಯುವುದು ಹೇಗೆಂದು ಯೋಚಿಸತೊಡಗಿದವನು ಆಗಲೇ ಭಾಷ್ಯಕಾರರ ಪಂಕ್ತಿಯ ಕೊನೆಯಲ್ಲಿ ಕುಳಿತಿರುತ್ತಾನೆ.

ಇದಕ್ಕಿಂತ ಗಟ್ಟಿಯಾದ ನಿದರ್ಶನ ಸಭಾಪರ್ವದಲ್ಲಿದೆ. ಜೂಜಿನ ಸಭೆಗೆ ತನ್ನನ್ನು ಕರೆಯಲು ಬಂದ ಸೇವಕ ಪ್ರಾತಿಕಾಮಿಯೊಡನೆ ದ್ರೌಪದಿ ಒಂದು ಪ್ರಶ್ನೆಯನ್ನು ಕಳಿಸುತ್ತಾಳೆ: ಯುಧಿಷ್ಠಿರ ಮೊದಲು ಸೋತದ್ದು ತನ್ನನ್ನೋ, ನನ್ನನ್ನೋ? ತನ್ನನ್ನೇ ಸೋತು ದಾಸನಾದವನಿಗೆ ಇನ್ನೊಬ್ಬರನ್ನು ಪಣವಾಗಿಡುವ ಹಕ್ಕು ಎಲ್ಲಿಂದ ಬಂತು ಎಂಬ ಶುದ್ಧ ನ್ಯಾಯದ ಪ್ರಶ್ನೆ ಇದು. ಧರ್ಮ ಸೂಕ್ಷ್ಮವಾದದ್ದು, ಇದನ್ನು ಬಿಡಿಸಲಾರೆ ಎಂದು ಭೀಷ್ಮ ಕೈಚೆಲ್ಲುತ್ತಾನೆ. ಕೌರವರಲ್ಲೇ ಒಬ್ಬನಾದ ವಿಕರ್ಣ ಎದ್ದು ಅವಳ ಪರವಾಗಿ ಮಾತಾಡಿದರೆ ಕರ್ಣ ಅವನ ಬಾಯಿ ಮುಚ್ಚಿಸುತ್ತಾನೆ. ಕೊನೆಗೆ ಧೃತರಾಷ್ಟ್ರ ಅಪಶಕುನಗಳಿಗೆ ಬೆದರಿ ವರ ಕೊಟ್ಟು ಸಭೆಯನ್ನು ಮುಗಿಸುತ್ತಾನೆಯೇ ಹೊರತು ಆ ಪ್ರಶ್ನೆಗೆ ಯಾರೂ ಉತ್ತರ ಹೇಳುವುದಿಲ್ಲ. ಸಾರಾಂಶದಲ್ಲಿ ಇದು ‘ದ್ರೌಪದಿಗೆ ಅಪಮಾನವಾಯಿತು’ ಎಂಬ ಒಂದು ವಾಕ್ಯವಾಗುತ್ತದೆ. ಅಪಮಾನ ನಿಜ, ಆದರೆ ಸಭೆಗೆ ಸಭೆಯನ್ನೇ ಕಟ್ಟಿಹಾಕಿದ ಅವಳ ವಾದ ಅದರಲ್ಲಿ ಎಲ್ಲಿದೆ?

ಬೌದ್ಧರ ಮಿಲಿಂದಪ್ರಶ್ನೆಯಲ್ಲಿ ಗ್ರೀಕ್ ಮೂಲದ ಅರಸ ಮಿಲಿಂದನೂ ಭಿಕ್ಷು ನಾಗಸೇನನೂ ಎದುರುಬದುರಾಗುತ್ತಾರೆ. ಚರ್ಚೆಯನ್ನು ಮುಂದುವರಿಸುವ ಮುನ್ನ ನಾಗಸೇನ ಒಂದು ಕರಾರು ಹಾಕುತ್ತಾನೆ: ಪಂಡಿತನಂತೆ ವಾದಿಸುವುದಾದರೆ ಬರುತ್ತೇನೆ, ರಾಜನಂತೆ ವಾದಿಸುವುದಾದರೆ ಬರುವುದಿಲ್ಲ. ಪಂಡಿತರ ವಾದದಲ್ಲಿ ಸೋಲುಗೆಲುವುಗಳಾಗುತ್ತವೆ, ಯಾರೂ ಕೋಪಿಸಿಕೊಳ್ಳುವುದಿಲ್ಲ. ರಾಜರಾದರೋ ಒಂದು ಮಾತನ್ನು ಹಿಡಿದು, ಒಪ್ಪದವನಿಗೆ ದಂಡ ವಿಧಿಸಿಬಿಡುತ್ತಾರೆ. ಮಿಲಿಂದ ಒಪ್ಪಿದ ಮೇಲೆಯೇ ಚರ್ಚೆ ಮುಂದುವರಿಯುತ್ತದೆ. ರಥದ ಈಸುಮರ, ಅಚ್ಚು, ಗಾಲಿಗಳಲ್ಲಿ ಯಾವುದು ರಥ ಎಂದು ನಾಗಸೇನ ಕೇಳುವ ಭಾಗ ಬಹಳ ಪ್ರಸಿದ್ಧವಾಗಿದೆ. ನನಗೆ ಅದಕ್ಕಿಂತಲೂ ಈ ಕರಾರು ದೊಡ್ಡದೆನಿಸುತ್ತದೆ.

ನಮ್ಮಲ್ಲಿ ಹದಿನಾಲ್ಕನೆಯ ಶತಮಾನದಲ್ಲಿ ಮಾಧವಾಚಾರ್ಯರು ರಚಿಸಿದ ಸರ್ವದರ್ಶನಸಂಗ್ರಹ ಶುರುವಾಗುವುದೇ ದೇವರು, ಪರಲೋಕ ಯಾವುದನ್ನೂ ಒಪ್ಪದ ಚಾರ್ವಾಕರಿಂದ. ಚಾರ್ವಾಕರ ಸ್ವಂತ ಗ್ರಂಥಗಳು ಬಹುಮಟ್ಟಿಗೆ ಕಳೆದುಹೋಗಿವೆ. ಅವರ ವಾದ ನಮಗಿಂದು ತಿಳಿದಿರುವುದು ಹೆಚ್ಚಾಗಿ ಅವರನ್ನು ಖಂಡಿಸಲೆಂದು ಬರೆದವರು ಅದನ್ನು ಜೋಪಾನವಾಗಿ ಎತ್ತಿ ಬರೆದುದರಿಂದ.

ಉತ್ತರ: ಕೆರೆಕೋಡಿ, ಮದ್ದೂರು

ಹಿರಿಯರ ಬರಹವನ್ನು ಆಸಕ್ತಿಯಿಂದ ಓದಿದೆ. ನನ್ನದೊಂದು ತಕರಾರಿದೆ. ಈ ಗ್ರಂಥಗಳಲ್ಲಿ ವಾದವಿದೆ ಎನ್ನುವಿರಿ. ವಾದಿಸುವ ಅವಕಾಶ ಯಾರಿಗಿತ್ತು? ಉತ್ತರಕಾಂಡದ ಶಂಬೂಕ, ತಾನು ಶೂದ್ರನೆಂದೂ ಸಶರೀರನಾಗಿ ದೇವತ್ವವನ್ನು ಬಯಸಿ ತಪಸ್ಸು ಮಾಡುತ್ತಿರುವೆನೆಂದೂ ಹೇಳುತ್ತಾನೆ. ಅವನು ಇನ್ನೂ ಮಾತಾಡುತ್ತಿರುವಾಗಲೇ ರಾಮ ತಲೆ ಕಡಿಯುತ್ತಾನೆ. ಅವನ ಪೂರ್ವಪಕ್ಷವನ್ನು ಜೋಪಾನ ಮಾಡಿದವರು ಯಾರು? ಬೃಹದಾರಣ್ಯಕ ಉಪನಿಷತ್ತಿನಲ್ಲಿ ಗಾರ್ಗಿ ಬಿಡದೆ ಕೇಳುತ್ತ ಹೋದಾಗ, ಅತಿಯಾಗಿ ಕೇಳಬೇಡ, ತಲೆ ಉರುಳೀತು ಎಂಬ ಎಚ್ಚರಿಕೆ ಯಾಜ್ಞವಲ್ಕ್ಯರಿಂದ ಬರುತ್ತದೆ. ಅವಳು ಮತ್ತೆ ಎದ್ದು ಎರಡು ಪ್ರಶ್ನೆಗಳನ್ನು ಕೇಳಿದಳೆಂಬುದು ಅವಳ ದೊಡ್ಡತನ.

ಹಾಗಿದ್ದೂ ಇಡಿಯ ಗ್ರಂಥವನ್ನು ಓದಬೇಕೆಂಬ ಪಕ್ಷವೇ ನನ್ನದು. ಸಾರಾಂಶ ಮಾಡುವವರು ಇಂಥ ಜಾಗಗಳನ್ನೇ ಮೊದಲು ತೆಗೆದುಹಾಕುತ್ತಾರೆ. ಶಂಬೂಕನ ಮಾತು ನಡುವೆಯೇ ತುಂಡಾದುದನ್ನು ಕಂಡ ಓದುಗ ಮಾತ್ರ ಅದನ್ನು ಮುಂದುವರಿಸಬಲ್ಲ. ಕುವೆಂಪು 1944ರಲ್ಲಿ ‘ಶೂದ್ರ ತಪಸ್ವಿ’ಯಲ್ಲಿ ರಾಮನ ಅಸ್ತ್ರವನ್ನು ಶಂಬೂಕನಿಂದ ತಿರುಗಿಸಿ, ಮಗನ ಸಾವಿನ ದೂರು ತಂದ ಬ್ರಾಹ್ಮಣನನ್ನು ಬೆನ್ನಟ್ಟುವಂತೆ ಮಾಡಿದರು. ಮಾಸ್ತಿಯವರು ಆಕ್ಷೇಪಿಸಿದರು. ಮೂಲವನ್ನು ಹೀಗೆ ಬದಲಿಸಬಹುದೇ ಎಂಬ ಆ ಚರ್ಚೆ ಕನ್ನಡದಲ್ಲಿ ಇನ್ನೂ ಮುಗಿದಿಲ್ಲ. ಬಳಗದಲ್ಲಿ ಉತ್ತರಕಾಂಡದ ಆ ಭಾಗವನ್ನೂ ಈ ನಾಟಕವನ್ನೂ ಜೊತೆಯಲ್ಲಿಟ್ಟುಕೊಂಡು ಓದಿದರೆ ಒಂದು ಸಂಜೆ ಸಾಲುವುದಿಲ್ಲ.

ಬಿಡಿಮಾತುಗಳಿಂದ ಗ್ರಂಥವನ್ನು ಅಳೆದರೆ ಏನಾಗುತ್ತದೆಂಬುದಕ್ಕೆ ಅರ್ಥಶಾಸ್ತ್ರಕ್ಕಿಂತ ಬೇರೆ ಸಾಕ್ಷಿ ಬೇಡ. ಶತಮಾನಗಳ ಕಾಲ ಜನರಿಗೆ ಗೊತ್ತಿದ್ದ ಚಾಣಕ್ಯನೆಂದರೆ ನೀತಿಶ್ಲೋಕಗಳ ಚಾಣಕ್ಯ ಮತ್ತು ಮುದ್ರಾರಾಕ್ಷಸ ನಾಟಕದ ತಂತ್ರಗಾರ. ತಂಜಾವೂರಿನ ಕಡೆಯ ಪಂಡಿತರೊಬ್ಬರು ಗ್ರಂಥಲಿಪಿಯ ತಾಳೆಗರಿ ಪ್ರತಿಯನ್ನು ಮೈಸೂರಿನ ಪ್ರಾಚ್ಯ ಪುಸ್ತಕಾಲಯಕ್ಕೆ ಒಪ್ಪಿಸಿ, ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಮೇಲೆ ಬೇರೊಬ್ಬ ಕೌಟಿಲ್ಯ ಎದುರಿಗೆ ಬಂದ. ಅವನು ನೀರಿನ ಪಾಲನ್ನು ಲೆಕ್ಕ ಹಾಕುತ್ತಾನೆ: ಕೈಯಿಂದ ನೀರೆತ್ತಿ ಬೆಳೆದರೆ ಬೆಳೆಯ ಐದನೆಯ ಒಂದು ಪಾಲು, ಹೆಗಲ ಮೇಲೆ ಹೊತ್ತು ಹಾಯಿಸಿದರೆ ನಾಲ್ಕನೆಯ ಒಂದು ಪಾಲು, ಯಂತ್ರದಿಂದ ಹರಿಸಿದರೆ ಮೂರನೆಯ ಒಂದು ಪಾಲು. ಹೊಸದಾಗಿ ಕೆರೆಕಟ್ಟೆ ಕಟ್ಟಿಸಿದವರಿಗೆ ಐದು ವರ್ಷ, ಹಾಳುಬಿದ್ದುದನ್ನು ಸರಿಪಡಿಸಿದವರಿಗೆ ನಾಲ್ಕು ವರ್ಷ ತೆರಿಗೆಯ ಮಾಫಿ. ನಾಲೆಯ ನೀರಿಗೆ ಪಾಳಿ ಕಾಯುವ ನಮ್ಮ ಕಡೆಯ ರೈತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಅದೇ ಗ್ರಂಥದಲ್ಲಿ ವರ್ಣಕ್ಕೊಂದು ದಂಡವೂ ಇದೆ, ಸನ್ಯಾಸಿವೇಷದ ಗೂಢಚಾರರೂ ಇದ್ದಾರೆ. ಆಡಳಿತ ನಿರ್ವಹಣೆಯ ಕೈಪಿಡಿಯೆಂದು ಇದನ್ನು ಈಗ ಮಾರುವವರು ಅವನ್ನು ಮುಟ್ಟುವುದಿಲ್ಲ.

ಪೂರ್ವಪಕ್ಷದ ಮಾತಿಗೂ ಒಂದು ಪುರಾವೆ ಸೇರಿಸುತ್ತೇನೆ. ಮಂತ್ರಿಗಳನ್ನು ಹೇಗೆ ಆರಿಸಬೇಕೆಂಬಲ್ಲಿ ಕೌಟಿಲ್ಯ ಭಾರದ್ವಾಜ, ವಿಶಾಲಾಕ್ಷ, ಪರಾಶರ, ಪಿಶುನ ಮೊದಲಾದವರನ್ನು ಸಾಲಾಗಿ ನಿಲ್ಲಿಸುತ್ತಾನೆ. ಸಹಪಾಠಿಗಳನ್ನು ಮಾಡಿಕೊಳ್ಳಲಿ ಎಂದು ಒಬ್ಬ. ಜೊತೆಯಲ್ಲಿ ಆಡಿ ಬೆಳೆದವರು ಅರಸನಿಗೆ ಮರ್ಯಾದೆ ಕೊಡುವುದಿಲ್ಲ ಎಂದು ಇನ್ನೊಬ್ಬ. ಪ್ರತಿಯೊಬ್ಬನೂ ಹಿಂದಿನವನನ್ನು ಅಲ್ಲಗಳೆದ ಮೇಲೆ, ಎಲ್ಲರ ಮಾತೂ ಯುಕ್ತವೇ, ಕೆಲಸ ಮಾಡಬಲ್ಲ ಸಾಮರ್ಥ್ಯವನ್ನು ನೋಡಬೇಕು ಎಂದು ಕೌಟಿಲ್ಯ ಮುಗಿಸುತ್ತಾನೆ. ಸಾರಾಂಶಕ್ಕೆ ಸಿಗುವುದು ಈ ಕೊನೆಯ ವಾಕ್ಯ. ಅದು ಯಾವ ಕಚೇರಿಯ ಗೋಡೆಯ ಮೇಲೂ ಬರೆಯಬಹುದಾದ ಸಪ್ಪೆ ಮಾತು.

ಉತ್ತರ: ಕುಕ್ಕರಹಳ್ಳಿ ಏರಿ, ಮೈಸೂರು

ಹಿರಿಯರಿಬ್ಬರಿಗೂ ವಂದನೆಗಳು. ಪ್ರಶ್ನೆಯ ಕೊನೆಯ ಭಾಗಕ್ಕೆ, ಅಂದರೆ ಚೀನಾ ಜಪಾನುಗಳ ಕೃತಿಗಳು ನಮ್ಮವೇ ಎಂಬುದಕ್ಕೆ, ಇನ್ನೂ ಉತ್ತರ ಬಂದಿಲ್ಲವಾದ್ದರಿಂದ ಸಂಶೋಧನ ವಿದ್ಯಾರ್ಥಿನಿಯಾದ ನಾನು ಬರೆಯುತ್ತಿದ್ದೇನೆ. ಅನುವಾದದಲ್ಲಿ ಓದುವುದು ಏಷ್ಯಾದಲ್ಲಿ ಹೊಸತಲ್ಲ. ಪಂಚತಂತ್ರ ಆರನೆಯ ಶತಮಾನದಲ್ಲಿ ಬರ್ಜೋಯ ಎಂಬ ವೈದ್ಯನ ಮೂಲಕ ಪರ್ಷಿಯಾದ ಪಹ್ಲವಿ ಭಾಷೆಗೆ, ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಖಫ್ಫನಿಂದ ಅರಬ್ಬಿಗೆ ಹೋಯಿತು. ಅದರ ಸಿಂಹ ಮೊಲಗಳ ಕಥೆ ಪರ್ಷಿಯನ್ ಕವಿ ರೂಮಿಯ ಮಸ್ನವಿ ಕಾವ್ಯದಲ್ಲಿ ವಿಧಿಯೋ ಪ್ರಯತ್ನವೋ ಎಂಬ ದೀರ್ಘ ಚರ್ಚೆಯಾಗಿ ಬೆಳೆಯಿತು. ಈ ಕಡೆ 1031ರಲ್ಲಿ ದುರ್ಗಸಿಂಹ ಅದನ್ನು ಕನ್ನಡಕ್ಕೆ ತಂದ. ಅರಬ್ಬಿ ಪಂಚತಂತ್ರದಲ್ಲಿ ಬರ್ಜೋಯನ ಆತ್ಮವೃತ್ತಾಂತದ ಒಂದು ಅಧ್ಯಾಯವಿದೆ; ಪ್ರತಿಯೊಂದು ಮತದವರೂ ತಮ್ಮದನ್ನೇ ಹೊಗಳಿ ಉಳಿದುದನ್ನು ತೆಗಳುವುದನ್ನು ಕಂಡು ಯಾವುದನ್ನೂ ನಂಬಲಾರದೆ ಹೋದೆನೆಂದು ಅವನು ಅಲ್ಲಿ ಹೇಳಿಕೊಳ್ಳುತ್ತಾನೆ. ಅದನ್ನು ಇಬ್ನ್ ಅಲ್ ಮುಖಫ್ಫನೇ ಸೇರಿಸಿದನೆಂದು ವಿದ್ವಾಂಸ ಅಲ್ ಬಿರೂನಿ ಶಂಕಿಸಿದ್ದ. ನಮ್ಮ ಕಥೆಗಳ ಹೆಗಲೇರಿ ಇಂಥದೊಂದು ಸಂಶಯ ಬಾಗ್ದಾದಿನವರೆಗೆ ಹೋಯಿತೆಂದರೆ, ಯಾವುದು ನಮ್ಮದು, ಯಾವುದು ಅವರದು ಎಂದು ಗೆರೆ ಎಳೆಯುವುದು ಕಷ್ಟ.

ಇನ್ನು ಕನ್‌ಫ್ಯೂಷಿಯಸ್. ಹಿರಿಯರಿಗೆ ವಿಧೇಯನಾಗಿರು ಎಂಬುದೇ ಅವನ ಬೋಧೆಯೆಂದು ತಿಳಿದವರು ಅವನ ಸಂವಾದಗಳ ಹದಿನೇಳನೆಯ ಭಾಗವನ್ನು ನೋಡಬೇಕು. ತಂದೆತಾಯಿ ತೀರಿಕೊಂಡಾಗ ಮೂರು ವರ್ಷ ಶೋಕ ಆಚರಿಸುವುದು ಹೆಚ್ಚಾಯಿತು, ಅಷ್ಟರಲ್ಲಿ ಸಂಗೀತ, ಆಚಾರಗಳೆಲ್ಲ ಮರೆತುಹೋಗುತ್ತವೆ, ಒಂದು ವರ್ಷ ಸಾಕು ಎಂದು ಝೈ ವೋ ಎಂಬ ಶಿಷ್ಯ ವಾದಿಸುತ್ತಾನೆ. ನಿನ್ನ ಮನಸ್ಸಿಗೆ ನೆಮ್ಮದಿಯೆನಿಸಿದರೆ ಹಾಗೆಯೇ ಮಾಡು ಎಂದು ಗುರು ಹೇಳುತ್ತಾನೆ. ಶಿಷ್ಯ ಎದ್ದುಹೋದ ಮೇಲೆ, ಮಗು ತಂದೆತಾಯಿಯ ತೋಳುಗಳಿಂದ ಇಳಿಯುವುದಕ್ಕೆ ಮೂರು ವರ್ಷ ಬೇಕು, ಇವನಿಗೆ ಆ ಪ್ರೀತಿ ಸಿಕ್ಕಿರಲಿಲ್ಲವೇ ಎಂದು ಉಳಿದವರೆದುರು ನೊಂದುಕೊಳ್ಳುತ್ತಾನೆ. ಗುರುವಿನ ಮಾತು ಮನಸ್ಸನ್ನು ಕಲಕುತ್ತದೆ. ಆದರೂ ಝೈ ವೋನ ವಾದ ಸೋತಿತೆಂದು ನನಗೆ ಅನಿಸಿಲ್ಲ. ತಿಥಿ ಕರ್ಮಾಂತರಗಳ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಅಣ್ಣತಮ್ಮಂದಿರು ಆಡುವ ಮಾತೂ ಇದೇ ಅಲ್ಲವೇ?

ಎದುರಾಳಿಯ ಬೆಲೆಯನ್ನು ಚೀನಾದ ಪ್ರಾಚೀನ ತತ್ತ್ವಜ್ಞಾನಿ ಚುವಾಂಗ್ ತ್ಸುವಿನಷ್ಟು ಚೆನ್ನಾಗಿ ಹೇಳಿದವರನ್ನು ನಾನು ಓದಿಲ್ಲ. ತನ್ನೊಡನೆ ಜೀವನವಿಡೀ ಜಗಳವಾಡಿದ ತರ್ಕಪಟು ಹುಯಿ ತ್ಸುವಿನ ಸಮಾಧಿಯ ಬಳಿ ನಿಂತು ಅವನು ಒಂದು ಕಥೆ ಹೇಳುತ್ತಾನೆ. ಮೂಗಿನ ತುದಿಗೆ ನೊಣದ ರೆಕ್ಕೆಯಷ್ಟು ತೆಳುವಾಗಿ ಸುಣ್ಣ ಮೆತ್ತಿಕೊಂಡವನೊಬ್ಬನಿದ್ದ. ಬಡಗಿಯೊಬ್ಬ ಕೊಡಲಿ ಬೀಸಿ ಮೂಗಿಗೆ ಗಾಯವಾಗದಂತೆ ಅದನ್ನು ಕೆತ್ತಿ ತೆಗೆದ. ಇದನ್ನು ಕೇಳಿದ ದೊರೆ, ನನಗೂ ಮಾಡಿ ತೋರಿಸು ಎಂದಾಗ, ಕೊಡಲಿ ಬೀಸುವುದು ನನಗೆ ಈಗಲೂ ಬರುತ್ತದೆ, ಅಲುಗಾಡದೆ ನಿಲ್ಲುತ್ತಿದ್ದ ಆ ಜೊತೆಗಾರ ಸತ್ತುಹೋದ ಎಂದು ಬಡಗಿ ಹೇಳಿದನಂತೆ. ಹುಯಿ ತ್ಸು ಹೋದ ಮೇಲೆ ನನಗೂ ಮಾತಾಡಲು ಯಾರೂ ಇಲ್ಲ ಎನ್ನುತ್ತಾನೆ ಚುವಾಂಗ್ ತ್ಸು.

ಬುದ್ಧನ ಮಾತುಗಳೆನಿಸಿದ ಧಮ್ಮಪದದ 423 ಗಾಥೆಗಳೂ ಚೀನಾದ ಲಾವೋತ್ಸೆಯದೆನ್ನುವ ದಾವ್ ದ ಜಿಂಗ್‌ನ 81 ಅಧ್ಯಾಯಗಳೂ ಬಿಡಿಮಾತುಗಳೇ ಅಲ್ಲವೇ, ಅಲ್ಲಿ ಎದುರಾಳಿ ಎಲ್ಲಿದ್ದಾನೆ ಎಂದು ಯಾರಾದರೂ ಕೇಳಬಹುದು. ಪೂರ್ವಪಕ್ಷವೇ ಮುಖ್ಯವೆಂದ ಸರಸ್ವತೀಪುರಂನ ಸರ್ ಅವರ ವಾದಕ್ಕೆ ಇದು ನಿಜವಾದ ಅಡಚಣೆ. ಧಮ್ಮಪದದ ಅಟ್ಠಕಥೆ, ಅಂದರೆ ಅದರ ಹಳೆಯ ವ್ಯಾಖ್ಯಾನ, ಪ್ರತಿಯೊಂದು ಗಾಥೆಯೂ ಯಾವ ಸಂದರ್ಭದಲ್ಲಿ, ಯಾರಿಗಾಗಿ ಹುಟ್ಟಿತೆಂಬುದನ್ನು ಹೇಳುತ್ತದೆ; ಸಾವಿಲ್ಲದ ಮನೆಯ ಸಾಸಿವೆಗಾಗಿ ಅಲೆದ ಕಿಸಾಗೋತಮಿ ಬರುವುದು ಅಲ್ಲಿ. ಲಾವೋತ್ಸೆಯ ವಿಷಯದಲ್ಲಿ ಎದುರಾಳಿಯ ಕೆಲಸವನ್ನು ಓದುಗರೇ ವಹಿಸಿಕೊಂಡರು. ಬಲ್ಲವನು ಆಡುವುದಿಲ್ಲ, ಆಡುವವನು ಬಲ್ಲವನಲ್ಲ ಎಂಬ ಅವನ ಮಾತನ್ನು ಹಿಡಿದು, ಹಾಗಾದರೆ ಈ ಬಲ್ಲವನು ಐದು ಸಾವಿರ ಅಕ್ಷರಗಳನ್ನು ಬರೆದುದೇಕೆ ಎಂದು ಒಂಬತ್ತನೆಯ ಶತಮಾನದ ಆಚೀಚೆ ಬಾಳಿದ ಕವಿ ಬಾಯ್ ಜೂಯಿ ನಾಲ್ಕು ಸಾಲಿನಲ್ಲಿ ಕೆಣಕಿದ್ದಾನೆ.

ಜಪಾನಿನ ‘ಗೆಂಜಿಯ ಕಥೆ’ ತಮ್ಮ ಬಳಗಕ್ಕೆ ಸದ್ಯ ಭಾರವಾದೀತು, ಅದು 54 ಅಧ್ಯಾಯಗಳ ಗ್ರಂಥ. ಆದರೆ ಕಥೆಗಳನ್ನು ಓದುವುದು ಹೊತ್ತು ಹಾಳು ಮಾಡುವ ಕೆಲಸವೆಂದು ಗೆಂಜಿ ಒಬ್ಬ ತರುಣಿಯನ್ನು ಛೇಡಿಸಿ, ಬಳಿಕ ಚರಿತ್ರೆಯ ಗ್ರಂಥಗಳು ಬದುಕಿನ ಒಂದು ಭಾಗವನ್ನು ಮಾತ್ರ ಹೇಳುತ್ತವೆ, ಉಳಿದುದು ಕಥೆಗಳಲ್ಲಿದೆ ಎಂದು ತನ್ನ ಮಾತನ್ನು ತಾನೇ ಬದಲಿಸುವ 25ನೆಯ ಅಧ್ಯಾಯವೊಂದನ್ನು ಬಿಡಿಯಾಗಿಯೂ ಓದಬಹುದು.

ಮರುಮಾತು: ನಾಲೆಬಯಲು, ಮಂಡ್ಯ

ತಮ್ಮೆಲ್ಲರಿಗೂ ಕೃತಜ್ಞತೆಗಳು. ಈ ಉತ್ತರಗಳನ್ನು ಬಳಗದಲ್ಲಿ ಓದಿದೆ. ಬ್ಯಾಂಕಿನ ಗೆಳೆಯರು ಪೂರ್ತಿ ಒಪ್ಪಿಲ್ಲ. ದ್ರೌಪದಿಯ ಪ್ರಶ್ನೆಯಿಂದ ಶುರುಮಾಡುವುದಾದರೆ ಬರುತ್ತೇನೆ ಎಂದಿದ್ದಾರೆ. ನಮ್ಮಲ್ಲಿ ಹಲವರಿಗೆ ಕನ್ನಡವೊಂದೇ ಬರುವುದು, ಹಳಗನ್ನಡ ಕಷ್ಟ. ಎಲ್ಲಿಂದ, ಹೇಗೆ ಆರಂಭಿಸಬೇಕೆಂದು ಸರ್ ಅವರು ಹೇಳಿದರೆ ಉಪಕಾರವಾಗುತ್ತದೆ.

ಉತ್ತರ: ಸರಸ್ವತೀಪುರಂ ಹಳಬ, ಮೈಸೂರು

ಅಡಚಣೆಯನ್ನು ತೋರಿಸಿಕೊಟ್ಟ ವಿದ್ಯಾರ್ಥಿನಿಗೆ ನನ್ನ ಮೆಚ್ಚುಗೆ. ಶಂಬೂಕನ ವಿಷಯದಲ್ಲಿ ಕೆರೆಕೋಡಿ ಅವರಿಗೆ ನನ್ನಲ್ಲಿ ಸಮಾಧಾನವಿಲ್ಲ. ಆ ಜಾಗಕ್ಕೆ ಬಂದಾಗ ನಾನೂ ತರಗತಿಯಲ್ಲಿ ಕುವೆಂಪು ಅವರ ಪುಸ್ತಕವನ್ನೇ ತೆರೆಯುತ್ತಿದ್ದೆ.

ಕುಮಾರವ್ಯಾಸನ ಸಭಾಪರ್ವದಲ್ಲಿ ದ್ಯೂತದ ಭಾಗದಿಂದ ಆರಂಭಿಸಿ. ಅದು ನಡುಗನ್ನಡ, ಭಾಮಿನೀ ಷಟ್ಪದಿ. ಗದ್ಯಾನುವಾದ ಸಹಿತವಾದ ಆವೃತ್ತಿಗಳು ದೊರೆಯುತ್ತವೆ. ಮಂಡ್ಯ ಮೈಸೂರುಗಳಲ್ಲಿ ಗಮಕಿಗಳಿಗೂ ವ್ಯಾಖ್ಯಾನಕಾರರಿಗೂ ಕೊರತೆಯಿಲ್ಲ, ಒಬ್ಬರನ್ನು ಕರೆದು ವಾಚನ ಮಾಡಿಸಿ. ಪ್ರಾತಿಕಾಮಿ ದ್ರೌಪದಿಯ ಪ್ರಶ್ನೆಯನ್ನು ಹೊತ್ತು ಸಭೆಗೆ ಮರಳುವಲ್ಲಿಗೆ ಮೊದಲ ಸಂಜೆಯ ಓದನ್ನು ನಿಲ್ಲಿಸಬೇಕು. ಮುಂದೇನಾಯಿತೆಂಬುದು ಎಲ್ಲರಿಗೂ ಗೊತ್ತಿರುತ್ತದೆ, ಆದ್ದರಿಂದ ಕಥೆಯ ಕುತೂಹಲ ಕೆಡುವ ಭಯವಿಲ್ಲ. ಭೀಷ್ಮನ ಜಾಗದಲ್ಲಿ ತಾವಿದ್ದರೆ ಏನು ಹೇಳುತ್ತಿದ್ದಿರೆಂದು ಪ್ರತಿಯೊಬ್ಬರನ್ನೂ ಕೇಳಿ, ಬಂದ ಉತ್ತರಗಳನ್ನು ಬರೆದಿಟ್ಟುಕೊಳ್ಳಿ. ಅದಾದ ಮೇಲೆ ಕಠೋಪನಿಷತ್ತು. ಅದು ಚಿಕ್ಕದು, ಅಲ್ಲಿ ನಚಿಕೇತನನ್ನು ಪ್ರಶ್ನೆಯಿಂದ ವಿಮುಖಗೊಳಿಸಲು ಯಮ ಸಂಪತ್ತು, ಆಯುಸ್ಸು ಎಲ್ಲವನ್ನೂ ಒಡ್ಡಿ ನೋಡುತ್ತಾನೆ. ಬಳಿಕ ಚೀನಾದ ಕಡೆಗೆ ಹೋಗುವುದಾದರೆ ಅನಂತಮೂರ್ತಿಯವರ ಕನ್ನಡದ ‘ದಾವ್ ದ ಜಿಂಗ್’ ಇದೆ. ಅರ್ಥಶಾಸ್ತ್ರವನ್ನು ಮೊದಲಿಂದ ಕೊನೆಯವರೆಗೆ ಓದಲು ಹೊರಡಬೇಡಿ. ಎರಡನೆಯ ಅಧಿಕರಣವನ್ನು, ಅಂದರೆ ಎರಡನೆಯ ಭಾಗವನ್ನು ಹಿಡಿಯಿರಿ, ಹೊಲಗದ್ದೆಯ ಅನುಭವವಿರುವ ಸದಸ್ಯರೊಬ್ಬರು ಅಂದು ತಪ್ಪದೆ ಇರಲಿ.

ಬ್ಯಾಂಕಿನ ಗೆಳೆಯರನ್ನು ಒಪ್ಪಿಸುವ ಪ್ರಯತ್ನ ಮಾಡಬೇಡಿ. ಅವರು ಪ್ರತಿ ಭಾನುವಾರವೂ ಬಂದು ವಿರೋಧಿಸುತ್ತಿರಲಿ.